ಸೂರ್ಯನನ್ನು ಅಳೆಯೋದು ಹೇಗೆ? 0.1 ಪರ್ಸೆಂಟಿಗಾಗಿ ನಲವತ್ತು ವರ್ಷಗಳ ಒದ್ದಾಟ

ಭೂಮಿ ಬಿಸಿ ಆಗ್ತಿರೋ ವಿಷಯ ಕ್ಲಾಸ್‌ನಲ್ಲಿ ಬರಲಿ, ಕ್ಯಾಂಟೀನ್‌ನಲ್ಲಿ ಬರಲಿ, ಯಾರಾದ್ರೂ ಒಬ್ಬರು ಈ ಪ್ರಶ್ನೆ ಕೇಳೇ ಕೇಳ್ತಾರೆ: "ಸೂರ್ಯನೇ ಸ್ವಲ್ಪ ಜಾಸ್ತಿ ಉರೀತಿರಬಹುದಲ್ವಾ? ನಾವು ಸುಮ್ನೆ ಪೆಟ್ರೋಲ್, ಕಲ್ಲಿದ್ದಲನ್ನ ಬೈತಿದ್ದೀವೇನೋ?"

ಇದು ದಡ್ಡ ಪ್ರಶ್ನೆ ಅಲ್ಲ. ಭೂಮಿಗೆ ಬರೋ ಶಕ್ತಿಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸೂರ್ಯನಿಂದಲೇ ಬರೋದು. ಆತ ಸ್ವಲ್ಪ ಜಾಸ್ತಿ ಉರಿದರೆ ನಾವು ಸ್ವಲ್ಪ ಜಾಸ್ತಿ ಬಿಸಿಯಾಗಲೇಬೇಕು. ಹಾಗಾಗಿ ಉತ್ತರ ಕೊಡೋಕೆ ಒಂದೇ ದಾರಿ: ಸೂರ್ಯನ ಶಕ್ತಿಯನ್ನು ಹತ್ತಾರು ವರ್ಷ ಬಿಡದೆ ಅಳೆದು, ಅದು ಏರಿದೆಯಾ ಇಳಿದಿದೆಯಾ ಅಂತ ನೋಡೋದು. ಕೇಳೋಕೆ ಸುಲಭ ಅನ್ನಿಸುತ್ತೆ. ಆದರೆ ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ಇದು ಬಹಳ ಕಷ್ಟದ ಅಳತೆಗಳಲ್ಲಿ ಒಂದು. ಯಾಕೆ ಕಷ್ಟ, ಅದನ್ನು ಹೇಗೆ ಮಾಡಿದರು, ಎಲ್ಲಿ ಸಿಕ್ಕಿಹಾಕಿಕೊಂಡರು ಅನ್ನೋದನ್ನ ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ. ಮೆಶರ್‌ಮೆಂಟ್ಸ್ ಸಬ್ಜೆಕ್ಟ್ ಓದ್ತಿರೋರಿಗೆ ಇದು ಪುಸ್ತಕದಲ್ಲಿ ಸಿಗದ ಒಳ್ಳೇ ಉದಾಹರಣೆ.

ನಾವು ಅಳೀತಿರೋದು ಏನನ್ನು?

ಭೂಮಿಯ ವಾತಾವರಣದ ಹೊರಗೆ, ಸೂರ್ಯನಿಗೆ ನೇರವಾಗಿ ಮುಖ ಮಾಡಿ ಒಂದು ಚದರ ಮೀಟರ್ ಹಲಗೆ ಹಿಡಿದಿದ್ದೀರಿ ಅಂದುಕೊಳ್ಳಿ. ಅದರ ಮೇಲೆ ಪ್ರತಿ ಸೆಕೆಂಡಿಗೆ ಬೀಳೋ ಒಟ್ಟು ಶಕ್ತಿಯೇ ನಮಗೆ ಬೇಕಾದ ಸಂಖ್ಯೆ. ಕಣ್ಣಿಗೆ ಕಾಣೋ ಬೆಳಕು, ನೇರಳಾತೀತ, ಅವಕೆಂಪು, ಎಲ್ಲವೂ ಸೇರಿ. ಇಂಗ್ಲಿಷ್‌ನಲ್ಲಿ ಇದನ್ನು ಟೋಟಲ್ ಸೋಲಾರ್ ಇರ್‍ರೇಡಿಯನ್ಸ್, ಚಿಕ್ಕದಾಗಿ ಟಿಎಸ್ಐ ಅಂತಾರೆ. ಈಗ ಎಲ್ಲರೂ ಒಪ್ಪಿರೋ ಬೆಲೆ ಚದರ ಮೀಟರಿಗೆ ಸುಮಾರು 1361 ವ್ಯಾಟ್. ನಮ್ಮ ಹೈಸ್ಕೂಲ್ ಪುಸ್ತಕಗಳಲ್ಲಿ ಇದಕ್ಕೆ 'ಸೌರ ಸ್ಥಿರಾಂಕ' ಅನ್ನೋ ಹೆಸರಿತ್ತು. ಸ್ಥಿರಾಂಕ ಅಂದ್ರೆ ಬದಲಾಗದೇ ಇರೋದು. ಆದರೆ ಇದು ಬದಲಾಗುತ್ತೆ, ಬಹಳ ಕಮ್ಮಿ ಬದಲಾಗುತ್ತೆ ಅಷ್ಟೇ.

ಇಲ್ಲಿ ಒಂದು ವಿಷಯ ಮೊದಲೇ ಬಿಡಿಸಿಕೊಳ್ಳಬೇಕು. ಭೂಮಿಯ ಕಕ್ಷೆ ಪೂರ್ತಿ ವೃತ್ತ ಅಲ್ಲ. ಜನವರಿ ಮೊದಲ ವಾರದಲ್ಲಿ ನಾವು ಸೂರ್ಯನಿಂದ ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿರ್ತೀವಿ, ಜುಲೈ ಮೊದಲ ವಾರದಲ್ಲಿ ಸುಮಾರು 15.2 ಕೋಟಿ ಕಿ.ಮೀ. ದೂರದ ವರ್ಗಕ್ಕೆ ವಿಲೋಮವಾಗಿ ಬೆಳಕು ಕಮ್ಮಿಯಾಗೋದರಿಂದ ಜನವರಿಯಲ್ಲಿ ಸುಮಾರು 1408 ವ್ಯಾಟ್, ಜುಲೈನಲ್ಲಿ ಸುಮಾರು 1317 ವ್ಯಾಟ್ ಬರುತ್ತೆ. ಇದು ಸೂರ್ಯ ಬದಲಾಗಿದ್ದಲ್ಲ, ನಾವು ಹತ್ತಿರ ಹೋಗಿ ದೂರ ಬಂದಿದ್ದು. ಹಾಗಾಗಿ ಎಲ್ಲಾ ರೀಡಿಂಗ್‌ಗಳನ್ನೂ ಭೂಮಿ-ಸೂರ್ಯರ ಸರಾಸರಿ ದೂರಕ್ಕೆ ಲೆಕ್ಕ ಹಾಕಿ ಬದಲಾಯಿಸ್ತಾರೆ. 1361 ಅನ್ನೋದು ಆ ಲೆಕ್ಕದ ನಂತರ ಬರೋ ಸಂಖ್ಯೆ.

ಈಗ ಸೈಜ್ ಅರ್ಥ ಮಾಡಿಕೊಳ್ಳೋಕೆ ಒಂದು ಹೋಲಿಕೆ. ಸೂರ್ಯನ ಬೆಳಕಿನ ಬದಲು 70 ಕೆಜಿ ತೂಕದ ಒಬ್ಬ ಮನುಷ್ಯನನ್ನು ತೂಕ ಮಾಡ್ತಿದ್ದೀವಿ ಅಂದುಕೊಳ್ಳೋಣ.

- ಜನವರಿ-ಜುಲೈ ವ್ಯತ್ಯಾಸ ಸುಮಾರು 6.9%. ನಮ್ಮ ಮನುಷ್ಯನಿಗೆ ಅದು 4.8 ಕೆಜಿ.
- ಹನ್ನೊಂದು ವರ್ಷದ ಸೌರಚಕ್ರದಲ್ಲಿ ಸೂರ್ಯ ನಿಜವಾಗಿ ಬದಲಾಗೋದು ಸುಮಾರು 0.1%. ಅಂದ್ರೆ 70 ಗ್ರಾಂ.
- ಒಂದು ದಶಕದಲ್ಲಿ ಏರಿಕೆ ಆಗಿದೆಯೋ ಇಲ್ವೋ ಅಂತ ವಿಜ್ಞಾನಿಗಳು ವರ್ಷಗಟ್ಟಲೆ ಜಗಳವಾಡಿದ್ದು 0.04%ಗೆ. ಅದು 28 ಗ್ರಾಂ, ಒಂದು ತುತ್ತು ಅನ್ನದಷ್ಟು.

ಈ 28 ಗ್ರಾಂ ಹುಡುಕೋಕೆ ನಮ್ಮ ಹತ್ರ ಇರೋ ತಕ್ಕಡಿ ಕೆಲವು ವರ್ಷಗಳ ನಂತರ ಕೆಟ್ಟುಹೋಗುತ್ತೆ, ಹೊಸ ತಕ್ಕಡಿ ತರಬೇಕಾಗುತ್ತೆ, ಹೊಸದು ಹಳೇದಕ್ಕಿಂತ ಬೇರೆ ತೂಕ ತೋರಿಸುತ್ತೆ. ಪೂರ್ತಿ ಸಮಸ್ಯೆ ಇಷ್ಟೇ. ಮುಂದೆ ಹೇಳೋದೆಲ್ಲ ಇದರ ವಿವರ.

ನೆಲದ ಮೇಲಿಂದ ಅಳೆದವರು

1838ರಲ್ಲಿ ಫ್ರಾನ್ಸಿನ ಕ್ಲಾಡ್ ಪೂಯೇ ಅನ್ನೋ ಭೌತವಿಜ್ಞಾನಿ ನೀರು ತುಂಬಿದ, ಮೇಲೆ ಕಪ್ಪು ಬಳಿದ ಒಂದು ಲೋಹದ ಡಬ್ಬಿಯನ್ನು ಬಿಸಿಲಿಗೆ ಹಿಡಿದು, ನೀರು ಎಷ್ಟು ಬಿಸಿಯಾಯ್ತು ಅನ್ನೋದರ ಮೇಲೆ ಲೆಕ್ಕ ಹಾಕಿದರು. ಅವರಿಗೆ ಬಂದ ಉತ್ತರ ಈಗಿನ ಯೂನಿಟ್‌ನಲ್ಲಿ ಸುಮಾರು 1228 ವ್ಯಾಟ್. ನಿಜವಾದ ಬೆಲೆಗಿಂತ 10% ಮಾತ್ರ ಕಮ್ಮಿ. ಒಂದು ಥರ್ಮಾಮೀಟರ್, ಸ್ವಲ್ಪ ನೀರು ಇಟ್ಟುಕೊಂಡು ಇಷ್ಟು ಹತ್ತಿರ ಬಂದಿದ್ದು ದೊಡ್ಡ ವಿಷಯ.

ಆದರೆ ನೆಲದ ಮೇಲೆ ನಿಂತು ಅಳೆಯೋರಿಗೆ ಶತ್ರು ಒಂದೇ, ಗಾಳಿ. ಧೂಳು, ನೀರಾವಿ, ಓಝೋನ್ ಎಲ್ಲವೂ ಬೆಳಕನ್ನು ತಿನ್ನುತ್ತವೆ. ಎಷ್ಟು ತಿಂದವು ಅಂತ ಗೊತ್ತಾದರೆ ಮಾತ್ರ ಹೊರಗೆ ಎಷ್ಟಿತ್ತು ಅಂತ ಹೇಳಬಹುದು. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ 1881ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಟ್ನಿ ಬೆಟ್ಟಕ್ಕೆ ಉಪಕರಣ ಹೊತ್ತುಕೊಂಡು ಹೋಗಿದ್ದು ಇದಕ್ಕೇ. ಮೇಲಕ್ಕೆ ಹೋದಷ್ಟೂ ಗಾಳಿ ಕಮ್ಮಿ.

ಅವರ ಹೆಸರಿನಲ್ಲೇ ಕರೆಯೋ ಒಂದು ವಿಧಾನ ಇದೆ, ಗ್ರಾಫ್ ಹಾಕೋಕೆ ಬರೋ ಯಾರಿಗಾದ್ರೂ ಅರ್ಥ ಆಗುತ್ತೆ. ಸೂರ್ಯ ನೆತ್ತಿಯ ಮೇಲಿದ್ದಾಗ ಬೆಳಕು ಒಂದು ಪದರ ಗಾಳಿ ದಾಟಿ ಬರುತ್ತೆ ಅಂದುಕೊಳ್ಳಿ. ನೆತ್ತಿಯಿಂದ 60 ಡಿಗ್ರಿ ಕೆಳಗಿದ್ದಾಗ ಅದೇ ಬೆಳಕು ಎರಡು ಪದರದಷ್ಟು ಗಾಳಿ ದಾಟಬೇಕು. ದಿನವಿಡೀ ರೀಡಿಂಗ್ ತಗೊಂಡು, ರೀಡಿಂಗಿನ ಲಾಗರಿದಮ್ ಒಂದು ಕಡೆ, ಗಾಳಿಯ ಪದರ ಇನ್ನೊಂದು ಕಡೆ ಇಟ್ಟು ಗ್ರಾಫ್ ಎಳೆದರೆ ಸರಳ ರೇಖೆ ಬರುತ್ತೆ. ಆ ರೇಖೆಯನ್ನು ಸೊನ್ನೆ ಪದರದವರೆಗೆ ಹಿಂದಕ್ಕೆ ಎಳೆದರೆ, ಗಾಳಿಯೇ ಇಲ್ಲದಿದ್ದರೆ ಎಷ್ಟು ಇರ್ತಿತ್ತು ಅನ್ನೋದು ಸಿಗುತ್ತೆ. ಒಂದೇ ಷರತ್ತು ಅಂದ್ರೆ ಬೆಳಿಗ್ಗೆಯಿಂದ ಸಂಜೆವರೆಗೆ ಗಾಳಿ ಬದಲಾಗಬಾರದು. ಗಾಳಿ ಈ ಷರತ್ತನ್ನ ಕೇಳೋದೇ ಇಲ್ಲ ಅನ್ನೋದೇ ಕಷ್ಟ.

ಲ್ಯಾಂಗ್ಲಿ ನಂತರ ಸ್ಮಿತ್ಸೋನಿಯನ್ ಸಂಸ್ಥೆಯ ಚಾರ್ಲ್ಸ್ ಗ್ರೀಲಿ ಅಬಟ್ ಈ ಕೆಲಸವನ್ನು ಹತ್ತಾರು ವರ್ಷ ಮುಂದುವರಿಸಿದರು. ಚಿಲಿಯ ಮರುಭೂಮಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಈಜಿಪ್ಟಿನ ಸಿನಾಯ್ ಬೆಟ್ಟಗಳಲ್ಲಿ, ಎಲ್ಲೆಲ್ಲಿ ಆಕಾಶ ಶುಭ್ರವಾಗಿರುತ್ತೋ ಅಲ್ಲಿ ಸ್ಟೇಷನ್ ಹಾಕಿ ದಿನಾ ಅಳೆಸಿದರು. ಸೂರ್ಯನ ಶಕ್ತಿ ಕೆಲವು ಪರ್ಸೆಂಟ್‌ನಷ್ಟು ಏರಿಳಿಯುತ್ತೆ, ಅದರಿಂದ ಹವಾಮಾನ ಮುಂಚೆಯೇ ಹೇಳಬಹುದು ಅಂತ ಅವರು ನಂಬಿದ್ದರು. ಈಗ ನಮಗೆ ಗೊತ್ತಿರೋ ಪ್ರಕಾರ ಆ ಏರಿಳಿತದ ಬಹುಪಾಲು ಗಾಳಿಯದ್ದೇ. ಅವರ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಆದರೆ ಹುಡುಕ್ತಿದ್ದ ಸಿಗ್ನಲ್ 0.1%, ಗಾಳಿಯ ನಾಯ್ಸ್ ಅದರ ಹತ್ತಾರು ಪಟ್ಟು. ಹಾಗಾಗಿ ಗಾಳಿಯ ಹೊರಗೆ ಹೋಗದೆ ಬೇರೆ ದಾರಿ ಇರಲಿಲ್ಲ.

ಉಪಕರಣ ಕೆಲಸ ಮಾಡೋದು ಹೇಗೆ?

ಸ್ಯಾಟಲೈಟ್‌ನಲ್ಲಿ ಇಡೋ ರೇಡಿಯೋಮೀಟರ್ ಒಳಗಿರೋ ಐಡಿಯಾ ತುಂಬಾ ಚೆನ್ನಾಗಿದೆ. ಒಳಗೆ ಒಂದು ಪುಟ್ಟ ಕೋನ್ ಇರುತ್ತೆ, ಒಳಮೈ ಕಪ್ಪು. ಒಳಗೆ ಬಿದ್ದ ಬೆಳಕು ಪುಟಿದು ಪುಟಿದು ಕೊನೆಗೆ ಹೆಚ್ಚುಕಮ್ಮಿ ಪೂರ್ತಿ ಹೀರಲ್ಪಟ್ಟು ಶಾಖವಾಗುತ್ತೆ. ಕೋನ್‌ಗೆ ಒಂದು ಹೀಟರ್ ವೈರ್ ಸುತ್ತಿರ್ತಾರೆ. ಮುಂದೆ ಒಂದು ಶಟರ್, ಮತ್ತೆ ಏರಿಯಾ ಬಹಳ ನಿಖರವಾಗಿ ಅಳೆದಿರೋ ಒಂದು ದುಂಡನೆಯ ಕಿಂಡಿ.

ಶಟರ್ ಮುಚ್ಚಿದ್ದಾಗ ಕೋನ್‌ನ ತಾಪಮಾನ ಒಂದೇ ಮಟ್ಟದಲ್ಲಿರೋ ಹಾಗೆ ಹೀಟರ್‌ಗೆ ಕರೆಂಟ್ ಕೊಡ್ತಾರೆ. ಶಟರ್ ತೆರೆದಾಗ ಬಿಸಿಲು ಒಳಗೆ ಬರುತ್ತೆ, ಆಗ ಅದೇ ತಾಪಮಾನ ಇಡೋಕೆ ಹೀಟರ್‌ಗೆ ಕಮ್ಮಿ ಕರೆಂಟ್ ಸಾಕು. ಎಷ್ಟು ಕಮ್ಮಿಯಾಯ್ತೋ ಅಷ್ಟೇ ಬಿಸಿಲಿನ ಪವರ್! ಬೆಳಕನ್ನು ಅಳೆಯೋ ಬದಲು ವೋಲ್ಟೇಜ್ ಮತ್ತು ಕರೆಂಟ್ ಅಳೆದರಾಯ್ತು, ಅದು ನಮಗೆ ಚೆನ್ನಾಗಿ ಬರೋ ಕೆಲಸ. ಇದಕ್ಕೆ ಎಲೆಕ್ಟ್ರಿಕಲ್ ಸಬ್‌ಸ್ಟಿಟ್ಯೂಷನ್ ಅಂತಾರೆ. ಸ್ವೀಡನ್ನಿನ ಕ್ನೂಟ್ ಆಂಗ್‌ಸ್ಟ್ರೋಮ್ 1893ರ ಸುಮಾರಿಗೇ ಇದೇ ತತ್ವದ ಉಪಕರಣ ಮಾಡಿದ್ದರು.

ಒಂದು ಸಣ್ಣ ಲೆಕ್ಕ ಮಾಡೋಣ. ಕಿಂಡಿಯ ಏರಿಯಾ 0.5 ಚದರ ಸೆಂ.ಮೀ. ಅಂದ್ರೆ 0.00005 ಚದರ ಮೀಟರ್.

ಒಳಗೆ ಬರೋ ಪವರ್ = 1361 × 0.00005 = 0.068 ವ್ಯಾಟ್, ಅಂದ್ರೆ 68 ಮಿಲಿವ್ಯಾಟ್.

ಸೌರಚಕ್ರದ 0.1% ಬದಲಾವಣೆ = 68 ಮೈಕ್ರೋವ್ಯಾಟ್.

0.04% ಬದಲಾವಣೆ = ಸುಮಾರು 27 ಮೈಕ್ರೋವ್ಯಾಟ್.

ಈ 27 ಮೈಕ್ರೋವ್ಯಾಟನ್ನು ಹತ್ತು ವರ್ಷದಲ್ಲಿ, ಬೇರೆ ಬೇರೆ ಸ್ಯಾಟಲೈಟ್‌ಗಳ ಬೇರೆ ಬೇರೆ ಉಪಕರಣಗಳಿಂದ, ರಿಪೇರಿಗೆ ಕೆಳಗೆ ತರೋಕಾಗದ ಜಾಗದಲ್ಲಿ ಹಿಡೀಬೇಕು.

1978ರ ನಂತರ ಗೊತ್ತಾಗಿದ್ದು

ನಿಂಬಸ್-7 ಅನ್ನೋ ಸ್ಯಾಟಲೈಟ್ 1978ರ ನವೆಂಬರ್‌ನಿಂದ ರೀಡಿಂಗ್ ಕೊಡೋಕೆ ಶುರು ಮಾಡ್ತು. ಆವತ್ತಿನಿಂದ ಇವತ್ತಿನವರೆಗೆ ಒಂದಲ್ಲ ಒಂದು ಉಪಕರಣ ಮೇಲಿಂದ ಸೂರ್ಯನನ್ನು ನೋಡ್ತಾನೇ ಇದೆ. 1980ರ ಫೆಬ್ರವರಿಯಲ್ಲಿ ಹಾರಿದ ಸೋಲಾರ್ ಮ್ಯಾಕ್ಸಿಮಮ್ ಮಿಷನ್‌ನಲ್ಲಿ ಆಕ್ರಿಮ್-1 ಅನ್ನೋ ಇನ್ನೂ ಸೂಕ್ಷ್ಮವಾದ ಉಪಕರಣ ಇತ್ತು. ಅದರ ಮುಖ್ಯಸ್ಥರು ರಿಚರ್ಡ್ ವಿಲ್ಸನ್. ಕೆಲವೇ ತಿಂಗಳಲ್ಲಿ ಒಂದು ವಿಷಯ ಸ್ಪಷ್ಟವಾಯ್ತು. ದೊಡ್ಡ ಸೌರಕಲೆಗಳ ಗುಂಪು ಸೂರ್ಯನ ಮುಖದ ಮೇಲೆ ಹಾದುಹೋಗುವಾಗ ಟಿಎಸ್ಐ ಕೆಲವು ದಿನ 0.1ರಿಂದ 0.2 ಪರ್ಸೆಂಟ್ ಕುಸಿಯುತ್ತೆ. 2003ರ ಅಕ್ಟೋಬರ್ ಕೊನೆಯಲ್ಲಂತೂ ಸುಮಾರು 0.3% ಕುಸಿದಿತ್ತು.

ಹಾಗಾದ್ರೆ ಕಲೆಗಳು ಜಾಸ್ತಿ ಇರೋ ವರ್ಷಗಳಲ್ಲಿ ಸೂರ್ಯ ಮಂಕಾಗಿರಬೇಕು ಅಲ್ವಾ? ಇಲ್ಲಿಯೇ ತಿರುವು ಇರೋದು. ಪೂರ್ತಿ ಚಕ್ರ ನೋಡಿದರೆ ಕಲೆಗಳು ಹೆಚ್ಚಿರೋ ವರ್ಷಗಳಲ್ಲೇ ಸೂರ್ಯ 0.1% ಜಾಸ್ತಿ ಬೆಳಗುತ್ತೆ. ಕಾರಣ, ಕಲೆಗಳ ಜೊತೆಗೇ ಅವುಗಳ ಸುತ್ತಮುತ್ತ ಫ್ಯಾಕ್ಯುಲೆ ಅನ್ನೋ ಹೊಳೆಯೋ ಪ್ರದೇಶಗಳು ಹುಟ್ಟುತ್ತವೆ. ಅವು ಕಣ್ಣಿಗೆ ಅಷ್ಟಾಗಿ ಕಾಣಲ್ಲ, ಆದರೆ ಹೆಚ್ಚು ಜಾಗದಲ್ಲಿ ಹರಡಿರುತ್ತವೆ, ಕಲೆಗಳಿಗಿಂತ ಹೆಚ್ಚು ದಿನ ಇರುತ್ತವೆ. ಒಟ್ಟು ಲೆಕ್ಕದಲ್ಲಿ ಕಲೆಗಳು ಕಳೆದಿದ್ದಕ್ಕಿಂತ ಇವು ಕೂಡಿಸೋದೇ ಜಾಸ್ತಿ.

ಈ ಸ್ಯಾಟಲೈಟ್‌ಗೆ ಇನ್ನೊಂದು ಕಥೆಯೂ ಇದೆ. 1980ರ ಕೊನೆಯಲ್ಲಿ ಅದು ಸೂರ್ಯನ ಕಡೆ ನೆಟ್ಟಗೆ ನಿಲ್ಲೋ ಶಕ್ತಿ ಕಳಕೊಂಡಿತು. 1984ರ ಏಪ್ರಿಲ್‌ನಲ್ಲಿ ಚಾಲೆಂಜರ್ ಶಟಲ್‌ನ ಗಗನಯಾತ್ರಿಗಳು ಮೇಲೆ ಹೋಗಿ, ಅದನ್ನು ಹಿಡಿದು, ಕೆಟ್ಟ ಭಾಗ ಬದಲಾಯಿಸಿ ವಾಪಸ್ ಬಿಟ್ಟರು. ಆಕ್ರಿಮ್-1 ಮತ್ತೆ ಚೆನ್ನಾಗಿ ಕೆಲಸ ಮಾಡ್ತು, 1989ರವರೆಗೆ.

ಎರಡು ವರ್ಷದ ಗ್ಯಾಪ್

ಆಕ್ರಿಮ್-1 ನಿಲ್ಲೋ ಮೊದಲೇ ಆಕ್ರಿಮ್-2 ಮೇಲೆ ಹೋಗಿ, ಎರಡೂ ಸ್ವಲ್ಪ ಕಾಲ ಒಟ್ಟಿಗೆ ಅಳೆಯಬೇಕು ಅನ್ನೋದು ಪ್ಲಾನ್ ಆಗಿತ್ತು. ಒಂದೇ ದಿನ ಎರಡೂ ತಕ್ಕಡಿಯಲ್ಲಿ ಅದೇ ಮನುಷ್ಯನನ್ನು ನಿಲ್ಲಿಸಿದರೆ ಎರಡರ ವ್ಯತ್ಯಾಸ ಗೊತ್ತಾಗುತ್ತೆ, ಆಮೇಲೆ ಹಳೇದನ್ನ ಎಸೆದರೂ ಪರವಾಗಿಲ್ಲ. ಆದರೆ 1986ರ ಜನವರಿ 28ರಂದು ಅದೇ ಚಾಲೆಂಜರ್ ಆಕಾಶದಲ್ಲಿ ಸಿಡಿದು ಏಳು ಜನ ತೀರಿಕೊಂಡರು. ಶಟಲ್ ಹಾರಾಟಗಳೆಲ್ಲ ನಿಂತವು, ಕ್ಯೂನಲ್ಲಿದ್ದ ಸ್ಯಾಟಲೈಟ್‌ಗಳೆಲ್ಲ ಹಿಂದೆ ಬಿದ್ದವು. ಆಕ್ರಿಮ್-2 ಮೇಲೆ ಹೋಗಿದ್ದು 1991ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಆಕ್ರಿಮ್-1 ನಿಂತು ಎರಡು ವರ್ಷ ಆಗಿತ್ತು.

ಈ ಎರಡು ವರ್ಷ ಪೂರ್ತಿ ಖಾಲಿ ಇರಲಿಲ್ಲ. ನಿಂಬಸ್-7 ಇನ್ನೂ ಅಳೀತಿತ್ತು. ಇಆರ್‌ಬಿಎಸ್ ಅನ್ನೋ ಇನ್ನೊಂದು ಸ್ಯಾಟಲೈಟ್ ಕೂಡ ಇತ್ತು, ಆದರೆ ಅದು ಸೂರ್ಯನನ್ನು ನೋಡ್ತಿದ್ದದ್ದು ಸುಮಾರು ಎರಡು ವಾರಕ್ಕೊಮ್ಮೆ. ಈ ಎರಡು ಉಪಕರಣ ಒಂದೇ ಮಾತು ಹೇಳಿದ್ದರೆ ಕಥೆ ಮುಗೀತಿತ್ತು. ಹೇಳಲಿಲ್ಲ! ಆ ಅವಧಿಯಲ್ಲಿ ನಿಂಬಸ್-7 ರೀಡಿಂಗ್ ಇಆರ್‌ಬಿಎಸ್‌ಗೆ ಹೋಲಿಸಿದರೆ ಮೇಲಕ್ಕೆ ಸರಿದಿತ್ತು.

ಈಗ 1986ರ ಸೌರ ಕನಿಷ್ಠವನ್ನೂ 1996ರ ಸೌರ ಕನಿಷ್ಠವನ್ನೂ ಹೋಲಿಸಬೇಕು. ಚಕ್ರದ ಏರಿಳಿತ ಬಿಟ್ಟು ತಳದ ಮಟ್ಟ ಬದಲಾಗಿದೆಯಾ ಅಂತ ನೋಡೋಕೆ ಇದೇ ಸರಿಯಾದ ದಾರಿ. ಮಧ್ಯದ ಸೇತುವೆಗೆ ಯಾವ ಹಲಗೆ ಹಾಕ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ವಿಲ್ಸನ್ ಅವರ ಗುಂಪು ನಿಂಬಸ್-7 ರೀಡಿಂಗನ್ನು ಇದ್ದ ಹಾಗೇ ನಂಬಿತು. ಇಆರ್‌ಬಿಎಸ್ ಉಪಕರಣವೇ ಆ ಸಮಯದ ಜೋರಾದ ನೇರಳಾತೀತ ಕಿರಣಗಳಿಗೆ ಸಿಕ್ಕಿ ಮಂಕಾಗಿದೆ ಅನ್ನೋದು ಅವರ ವಾದ. ಹಾಗೆ ಜೋಡಿಸಿದರೆ 1996ರ ತಳ 1986ರ ತಳಕ್ಕಿಂತ ಸುಮಾರು 0.04% ಮೇಲೆ ಬರುತ್ತೆ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿದ್ದ ಕ್ಲಾಸ್ ಫ್ರೋಲಿಶ್ ಮತ್ತು ಅಮೆರಿಕದ ಜೂಡಿತ್ ಲೀನ್ ಬೇರೆ ಥರ ನೋಡಿದರು. 1989ರ ಕೊನೆಯ ಹೊತ್ತಿಗೆ ನಿಂಬಸ್-7 ಉಪಕರಣದ ಸೆನ್ಸಿಟಿವಿಟಿಯೇ ಜಂಪ್ ಆಗಿದೆ, ಅದನ್ನು ಸರಿಪಡಿಸಬೇಕು ಅಂತ ಅವರ ವಾದ. ಸರಿಪಡಿಸಿದರೆ ಏರಿಕೆ ಮಾಯ, ಎರಡು ತಳಗಳೂ ಹೆಚ್ಚುಕಮ್ಮಿ ಒಂದೇ ಮಟ್ಟ.

ಡೇಟಾ ಒಂದೇ, ಗ್ರಾಫ್ ಎರಡು! ಒಂದನ್ನು ಆಕ್ರಿಮ್ ಸರಣಿ, ಇನ್ನೊಂದನ್ನು ಪಿಮೋಡ್ ಸರಣಿ ಅಂತಾರೆ. ಹವಾಮಾನ ಬದಲಾವಣೆಯ ಚರ್ಚೆ ಬಿಸಿಯಾದಾಗ ಯಾರಿಗೆ ಯಾವುದು ಬೇಕೋ ಅದನ್ನ ಎತ್ತಿಕೊಂಡು ಮಾತಾಡಿದರು. ಆ ಎರಡು ವರ್ಷದ ಸೂರ್ಯನನ್ನು ಮತ್ತೆ ಅಳೆಯೋಕೆ ಯಾರಿಂದಲೂ ಆಗಲ್ಲ. ಲ್ಯಾಬ್‌ನಲ್ಲಾದರೆ ರೀಡಿಂಗ್ ತಪ್ಪಿದರೆ ಮತ್ತೆ ತಗೋಬಹುದು, ಇಲ್ಲಿ ರಿಪೀಟ್ ಇಲ್ಲ.

ಈ 0.04% ಇದ್ದರೆ ಎಷ್ಟು ಬಿಸಿ?

ಜಗಳ ಯಾರು ಗೆದ್ದರೂ ಮೊದಲ ಪ್ರಶ್ನೆಗೆ ಉತ್ತರ ಬದಲಾಗುತ್ತಾ ಅಂತ ನಾವೇ ಲೆಕ್ಕ ಹಾಕಿ ನೋಡಬಹುದು.

1361ರಲ್ಲಿ 0.04% = 0.54 ವ್ಯಾಟ್. ಭೂಮಿ ಸೂರ್ಯನಿಗೆ ಕಾಣೋದು ಒಂದು ವೃತ್ತದ ಹಾಗೆ, ಆದರೆ ಆ ಶಾಖ ಹಂಚಿಕೊಳ್ಳೋದು ಇಡೀ ಗೋಳ. ಗೋಳದ ಮೇಲ್ಮೈ ವೃತ್ತದ ನಾಲ್ಕು ಪಟ್ಟು, ಹಾಗಾಗಿ 4ರಿಂದ ಭಾಗಿಸಬೇಕು: 0.136. ಅದರಲ್ಲಿ ಸುಮಾರು 30% ಮೋಡ, ಹಿಮ ಎಲ್ಲ ಸೇರಿ ವಾಪಸ್ ಕಳಿಸುತ್ತವೆ, ಉಳಿಯೋದು 0.7 ಪಾಲು: ಸುಮಾರು 0.1 ವ್ಯಾಟ್.

1750ರಿಂದ ಈಚೆಗೆ ಮನುಷ್ಯರ ಚಟುವಟಿಕೆಯಿಂದ ಸೇರಿರೋ ಒತ್ತಡ ಇದೇ ಯೂನಿಟ್‌ನಲ್ಲಿ ಸುಮಾರು 2.7 ವ್ಯಾಟ್ ಅಂತ ಐಪಿಸಿಸಿ ಹೇಳುತ್ತೆ. ಅದರ ಮುಂದೆ 0.1 ಚಿಕ್ಕದು. ಆದರೆ ಇಷ್ಟಕ್ಕೇ ಲೆಕ್ಕ ಮುಗಿಸಿದರೆ ಸರಿಯಲ್ಲ. ದಶಕಕ್ಕೆ 0.1ರ ಹಾಗೆ ಒಂದು ಶತಮಾನ ಪೂರ್ತಿ ಏರಿದರೆ 1 ವ್ಯಾಟ್ ಆಗುತ್ತೆ, ಅದು ಚಿಕ್ಕದಲ್ಲ. ಹಾಗಾಗಿ ನಿಜವಾದ ಪ್ರಶ್ನೆ ಆ ಏರಿಕೆ ಮುಂದುವರೀತಾ ಅನ್ನೋದು. 1996ರ ನಂತರ 2008 ಮತ್ತು 2019ರಲ್ಲಿ ಎರಡು ಸೌರ ಕನಿಷ್ಠಗಳು ಬಂದು ಹೋದವು. ತಳದ ಮಟ್ಟ ಏರುತ್ತಾ ಹೋಗಿಲ್ಲ. ಇದೇ ಅವಧಿಯಲ್ಲಿ ಭೂಮಿಯ ತಾಪಮಾನ ಮಾತ್ರ ಏರ್ತಾನೇ ಇದೆ. ಕ್ಯಾಂಟೀನ್ ಪ್ರಶ್ನೆಗೆ ಉತ್ತರ ಇಲ್ಲಿದೆ: ಇತ್ತೀಚಿನ ದಶಕಗಳ ಬಿಸಿಗೆ ಸೂರ್ಯ ಕಾರಣ ಅಲ್ಲ. ನಂಬಿಕೆಯ ಮೇಲೆ ಹೇಳೋ ಮಾತಲ್ಲ ಇದು, ಅಳತೆ ನಿಲ್ಲಿಸದೆ ಮುಂದುವರಿಸಿದ್ದಕ್ಕೆ ಸಿಕ್ಕಿರೋ ಉತ್ತರ.

1366 ಹೋಗಿ 1361 ಬಂದಿದ್ದು

2003ರ ಜನವರಿಯಲ್ಲಿ ಸೋರ್ಸ್ ಅನ್ನೋ ಸ್ಯಾಟಲೈಟ್‌ನಲ್ಲಿ ಟಿಮ್ ಅನ್ನೋ ಹೊಸ ಉಪಕರಣ ಹೋಯ್ತು. ಅಲ್ಲಿಯವರೆಗೆ ಪುಸ್ತಕಗಳಲ್ಲಿದ್ದ ಬೆಲೆ 1365-1366. ಟಿಮ್ ಹೇಳಿದ್ದು 1361! ನಮ್ಮ 70 ಕೆಜಿ ಮನುಷ್ಯ ಹೊಸ ತಕ್ಕಡಿ ಹತ್ತಿದ ತಕ್ಷಣ ಸುಮಾರು 240 ಗ್ರಾಂ ಇಳಿದುಬಿಟ್ಟ ಹಾಗೆ. ಸೂರ್ಯನ ಪೂರ್ತಿ ಚಕ್ರದ ಬದಲಾವಣೆಗಿಂತ ಇದು ಮೂರು ಪಟ್ಟು ದೊಡ್ಡದು.

ಯಾರು ಸರಿ? ಕಾರಣ ಕಿಂಡಿಯ ಜಾಗದಲ್ಲಿ ಸಿಕ್ಕಿತು. ಹಳೆ ಉಪಕರಣಗಳಲ್ಲಿ ಮುಂದೆ ಒಂದು ದೊಡ್ಡ ಕಿಂಡಿ, ಒಳಗೆ ಕೋನ್ ಹತ್ತಿರ ನಿಖರವಾದ ಚಿಕ್ಕ ಕಿಂಡಿ ಇರ್ತಿತ್ತು. ದೊಡ್ಡ ಕಿಂಡಿಯಿಂದ ಬೇಕಾದ್ದಕ್ಕಿಂತ ಜಾಸ್ತಿ ಬೆಳಕು ಒಳಗೆ ಬಂದು, ಅಲ್ಲಿ ಇಲ್ಲಿ ಚದುರಿ, ಸ್ವಲ್ಪ ಕೋನ್ ಒಳಗೂ ಸೇರ್ತಿತ್ತು. ಟಿಮ್‌ನಲ್ಲಿ ಆರ್ಡರ್ ತಿರುಗಿಸಿ ಚಿಕ್ಕ ಕಿಂಡಿಯನ್ನೇ ಮುಂದೆ ಇಟ್ಟಿದ್ದರು. ಬೇಡದ ಬೆಳಕು ಬಾಗಿಲಲ್ಲೇ ನಿಲ್ಲುತ್ತೆ. ಆಮೇಲೆ ಅಮೆರಿಕದ ಕೊಲೊರಾಡೊದ ಬೌಲ್ಡರ್‌ನಲ್ಲಿ ಇದಕ್ಕಂತಲೇ ಒಂದು ಪರೀಕ್ಷಾ ವ್ಯವಸ್ಥೆ ಕಟ್ಟಿ, ಹಳೆ ವಿನ್ಯಾಸದ ಉಪಕರಣಗಳನ್ನ ಅತಿ ಶೀತದಲ್ಲಿ ಕೆಲಸ ಮಾಡೋ ಪ್ರಮಾಣಿತ ರೇಡಿಯೋಮೀಟರ್ ಜೊತೆ ಹೋಲಿಸಿ ನೋಡಿದಾಗ ಚದುರಿದ ಬೆಳಕಿನ ಪರಿಣಾಮ ಸಾಬೀತಾಯ್ತು. ಗ್ರೆಗ್ ಕಾಪ್ ಮತ್ತು ಜೂಡಿತ್ ಲೀನ್ 2011ರಲ್ಲಿ 1360.8 ಅನ್ನೋ ಬೆಲೆ ಪ್ರಕಟಿಸಿದರು.

ಇಲ್ಲಿ ನಮ್ಮ ಸಿಲಬಸ್‌ನ ಎರಡು ಪದಗಳ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತೆ. ಹಳೆ ಉಪಕರಣಗಳ ನಿಖರತೆ ಕಮ್ಮಿ ಇತ್ತು, 5 ವ್ಯಾಟ್ ತಪ್ಪು ತೋರಿಸ್ತಿದ್ದವು. ಆದರೆ ಸ್ಥಿರತೆ ಚೆನ್ನಾಗಿತ್ತು, ಆ ತಪ್ಪು ದಿನಾ ಹೆಚ್ಚುಕಮ್ಮಿ ಒಂದೇ ಆಗಿರ್ತಿತ್ತು. ಹಾಗಾಗಿಯೇ 1 ವ್ಯಾಟ್‌ನ ಸೌರಚಕ್ರವನ್ನು ಅವು ಸರಿಯಾಗಿ ಹಿಡಿದವು. ಯಾವಾಗಲೂ ಹತ್ತು ನಿಮಿಷ ಮುಂದೆ ಇರೋ ಗಡಿಯಾರದಲ್ಲೂ ಪರೀಕ್ಷೆ ಎಷ್ಟು ಹೊತ್ತು ನಡೀತು ಅಂತ ಸರಿಯಾಗಿ ಹೇಳಬಹುದಲ್ವಾ, ಹಾಗೆ.

ಸ್ಥಿರತೆ ಕೂಡ ತಾನಾಗೇ ಬರಲ್ಲ. ನೇರಳಾತೀತ ಕಿರಣ ಬಿದ್ದು ಬಿದ್ದು ಕೋನ್‌ನ ಕಪ್ಪು ನಿಧಾನಕ್ಕೆ ಬದಲಾಗುತ್ತೆ. ಅದಕ್ಕೆ ಟಿಮ್‌ನಲ್ಲಿ ನಾಲ್ಕು ಕೋನ್ ಇದ್ದವು. ಒಂದು ದಿನಾ ಕೆಲಸ ಮಾಡುತ್ತೆ, ಉಳಿದವನ್ನು ಅಪರೂಪಕ್ಕೆ ತೆರೆದು ಹೋಲಿಸ್ತಾರೆ. ಕಮ್ಮಿ ಬಿಸಿಲು ಕಂಡ ಕೋನ್ ಹಳೇದಾಗಿರಲ್ಲ, ಅದರ ಎದುರು ದಿನಾ ದುಡಿದ ಕೋನ್ ಎಷ್ಟು ಸವೆದಿದೆ ಅಂತ ಗೊತ್ತಾಗುತ್ತೆ.

ಮತ್ತೆ ಗ್ಯಾಪ್ ಬೀಳೋದರಲ್ಲಿತ್ತು

ಸೋರ್ಸ್‌ಗೆ ಇಟ್ಟಿದ್ದ ಆಯಸ್ಸು ಐದು ವರ್ಷ. ಅದರ ಜಾಗಕ್ಕೆ ಬರಬೇಕಿದ್ದ ಗ್ಲೋರಿ ಸ್ಯಾಟಲೈಟ್ 2011ರ ಮಾರ್ಚ್ 4ರಂದು ಹಾರಿತು. ರಾಕೆಟ್‌ನ ತುದಿಯ ಮುಚ್ಚಳ ಬಿಚ್ಚಿಕೊಳ್ಳಲಿಲ್ಲ, ಆ ಭಾರಕ್ಕೆ ಕಕ್ಷೆ ತಲುಪದೆ ಸಮುದ್ರಕ್ಕೆ ಬಿತ್ತು. 2013ರ ಹೊತ್ತಿಗೆ ಸೋರ್ಸ್‌ನ ಬ್ಯಾಟರಿಯೂ ಕೈಕೊಡ್ತು. 1989ರ ಕಥೆ ಮತ್ತೆ ನಡೆಯೋ ಹಾಗಿತ್ತು.

ಈ ಸಲ ಬಿಡಲಿಲ್ಲ. ಟಿಸಿಟಿಇ ಅನ್ನೋ ಉಪಕರಣವನ್ನು ಬೇರೊಂದು ಸ್ಯಾಟಲೈಟ್ ಮೇಲೆ ಕೂರಿಸಿ 2013ರ ನವೆಂಬರ್‌ನಲ್ಲಿ ಕಳಿಸಿದರು. ಡಿಸೆಂಬರ್‌ನಲ್ಲಿ, ಸಾಯೋ ಸ್ಥಿತಿಯಲ್ಲಿದ್ದ ಸೋರ್ಸನ್ನು ಕೆಲವು ದಿನಗಳ ಮಟ್ಟಿಗೆ ಎಬ್ಬಿಸಿ ಎರಡನ್ನೂ ಒಟ್ಟಿಗೆ ಅಳೆಸಿದರು. ಆ ಕೆಲವೇ ದಿನಗಳ ಓವರ್‌ಲ್ಯಾಪ್‌ನಿಂದ ಕೊಂಡಿ ಉಳಿಯಿತು. ಆಮೇಲೆ ಬ್ಯಾಟರಿ ನೆಚ್ಚಿಕೊಳ್ಳದೆ, ಬಿಸಿಲಿರೋ ಭಾಗದಲ್ಲಿ ಮಾತ್ರ ಕೆಲಸ ಮಾಡೋ ಹಾಗೆ ಸೋರ್ಸನ್ನು ಬದಲಾಯಿಸಿ 2020ರ ಫೆಬ್ರವರಿವರೆಗೆ ನಡೆಸಿದರು. 2017ರ ಡಿಸೆಂಬರ್‌ನಲ್ಲಿ ಹೊರಟ ಟಿಸಿಸ್-1 ಉಪಕರಣ ಅಂತರಿಕ್ಷ ನಿಲ್ದಾಣದ ಮೇಲೆ ಕೂತು 2018ರಿಂದ ಅಳೀತಿದೆ. ಅಂದ್ರೆ ಸೋರ್ಸ್ ಜೊತೆ ಸುಮಾರು ಎರಡು ವರ್ಷ ಓವರ್‌ಲ್ಯಾಪ್ ಸಿಕ್ಕಿತು.

1978ಕ್ಕಿಂತ ಮುಂಚೆ? ಕೊಡೈಕೆನಾಲ್‌ನ ಗಾಜಿನ ಪ್ಲೇಟುಗಳು

ಸ್ಯಾಟಲೈಟ್ ದಾಖಲೆ ನಾಲ್ಕು ಸೌರಚಕ್ರಗಳಷ್ಟೇ ಹಳೇದು. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ನೇರ ಅಳತೆ ಇಲ್ಲ, ಗುರುತುಗಳನ್ನ ಹಿಡಿದು ಹೋಗಬೇಕು. ದೂರದರ್ಶಕ ಬಂದ ಮೇಲೆ, ಅಂದ್ರೆ ಸುಮಾರು 1610ರಿಂದ ಸೌರಕಲೆಗಳ ಲೆಕ್ಕ ಇದೆ. 1645ರಿಂದ 1715ರವರೆಗೆ ಕಲೆಗಳು ಕಾಣಿಸಿದ್ದೇ ಅಪರೂಪ, ಅದನ್ನು ಮೌಂಡರ್ ಕನಿಷ್ಠ ಅಂತಾರೆ. ಇನ್ನೂ ಹಿಂದಕ್ಕೆ ಹೋದರೆ ಮರದ ಉಂಗುರಗಳಲ್ಲಿರೋ ಕಾರ್ಬನ್-14, ಧ್ರುವದ ಹಿಮದಲ್ಲಿರೋ ಬೆರಿಲಿಯಂ-10 ಸಹಾಯಕ್ಕೆ ಬರುತ್ತವೆ. ಸೂರ್ಯನ ಕಾಂತಕ್ಷೇತ್ರ ಜೋರಾಗಿದ್ದರೆ ಹೊರಗಿನ ಕಾಸ್ಮಿಕ್ ಕಿರಣಗಳು ಕಮ್ಮಿ ಬರುತ್ತವೆ, ಆಗ ಇವೂ ಕಮ್ಮಿ ತಯಾರಾಗುತ್ತವೆ.

ಕಲೆಗಳ ಲೆಕ್ಕದಿಂದ ಕಪ್ಪು ಭಾಗ ಮಾತ್ರ ಗೊತ್ತಾಗುತ್ತೆ. ಹೊಳೆಯೋ ಭಾಗಕ್ಕೆ ಬೇರೆ ದಾಖಲೆ ಬೇಕು, ಇಲ್ಲಿ ನಮ್ಮ ಕಡೆಯವರು ಬರ್ತಾರೆ. ಬೆಂಗಳೂರಿನ ಕೋರಮಂಗಲದಲ್ಲಿರೋ ಭಾರತೀಯ ಖಭೌತ ಸಂಸ್ಥೆ, ಅಂದ್ರೆ ಐಐಎ, ನಡೆಸೋ ಕೊಡೈಕೆನಾಲ್ ಸೌರ ವೀಕ್ಷಣಾಲಯದಲ್ಲಿ 1900ರ ದಶಕದ ಮೊದಲ ವರ್ಷಗಳಿಂದಲೇ ಸೂರ್ಯನ ಫೋಟೋ ತೆಗೆದಿದ್ದಾರೆ. ಅದರಲ್ಲಿ ಕ್ಯಾಲ್ಸಿಯಂ ಬಿಡುವ ಒಂದು ನಿರ್ದಿಷ್ಟ ನೇರಳೆ ಬಣ್ಣದಲ್ಲಿ ತೆಗೆದ ಫೋಟೋಗಳಲ್ಲಿ ಹೊಳೆಯೋ ಪ್ರದೇಶಗಳು ಎದ್ದು ಕಾಣುತ್ತವೆ. ಒಂದು ಶತಮಾನದಷ್ಟು ಉದ್ದದ ಇಂಥ ಸರಣಿ ಜಗತ್ತಿನಲ್ಲಿ ಬಹಳ ಕಮ್ಮಿ. ಐಐಎ ಇವನ್ನು ಡಿಜಿಟೈಸ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಮಾಡಿದೆ, ಹಳೆಯ ಕಾಲದ ಟಿಎಸ್ಐ ಲೆಕ್ಕ ಕಟ್ಟೋಕೆ ಸಂಶೋಧಕರು ಬಳಸ್ತಿದ್ದಾರೆ. 1905ರಲ್ಲೋ 1910ರಲ್ಲೋ ಬೆಳಿಗ್ಗೆ ಎದ್ದು ಪ್ಲೇಟ್ ಹಾಕಿದವರಿಗೆ ನೂರು ವರ್ಷದ ನಂತರ ಇದು ಯಾವ ಪ್ರಶ್ನೆಗೆ ಬೇಕಾಗುತ್ತೆ ಅಂತ ಗೊತ್ತಿರೋಕೆ ಸಾಧ್ಯವೇ ಇರಲಿಲ್ಲ. ಮೋಡ ಇಲ್ಲದ ದಿನ ಫೋಟೋ ತೆಗೀಬೇಕು ಅನ್ನೋದಷ್ಟೇ ಅವರ ಡ್ಯೂಟಿ, ಅದನ್ನು ಬಿಡದೆ ಮಾಡಿದರು.

ಈಗ ಆದಿತ್ಯ-ಎಲ್1 ಕೂಡ ಇದೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಜಾಗ ಸೇರಿತು. ಅದರಲ್ಲಿರೋ ಸೂಟ್ ದೂರದರ್ಶಕ 200ರಿಂದ 400 ನ್ಯಾನೋಮೀಟರ್‌ವರೆಗಿನ ನೇರಳಾತೀತದಲ್ಲಿ ಸೂರ್ಯನನ್ನು ನೋಡುತ್ತೆ. ಒಟ್ಟು ಶಕ್ತಿ 0.1% ಬದಲಾದರೂ ನೇರಳಾತೀತ ಭಾಗ ಅದಕ್ಕಿಂತ ಹೆಚ್ಚು ಬದಲಾಗುತ್ತೆ, ಓಝೋನ್ ಪದರಕ್ಕೆ ನೇರ ಸಂಬಂಧ ಇರೋದೂ ಆ ಭಾಗಕ್ಕೇ.

ನೀವೇ ಯೋಚಿಸಿ ನೋಡಿ

ಓದಿದ್ದು ತಲೆಯಲ್ಲಿ ಉಳೀಬೇಕಾದರೆ ಎರಡು ಸಣ್ಣ ಪ್ರಶ್ನೆ.

1. ಹಾಸ್ಟೆಲ್ ಟೆರೇಸ್ ಮೇಲೆ ಒಂದು ತಾಪಮಾನ ಸೆನ್ಸರ್ ಇಟ್ಟಿದ್ದೀರಿ. ಅದು ಯಾವಾಗಲೂ 2 ಡಿಗ್ರಿ ಜಾಸ್ತಿ ತೋರಿಸುತ್ತೆ, ಆದರೆ ಆ 2 ಡಿಗ್ರಿ ಎಂದೂ ಬದಲಾಗಲ್ಲ. ಐದು ವರ್ಷದಲ್ಲಿ ಅರ್ಧ ಡಿಗ್ರಿ ಏರಿಕೆ ಆಗಿದ್ದರೆ ಅದರಲ್ಲಿ ಗೊತ್ತಾಗುತ್ತಾ?

2. ಮೂರನೇ ವರ್ಷ ಆ ಸೆನ್ಸರ್ ಕೆಟ್ಟಿತು. ಎರಡು ತಿಂಗಳ ನಂತರ ಹೊಸದು ತಂದಿರಿ. ಹೊಸದರ ತಪ್ಪು ಎಷ್ಟು ಅಂತ ಗೊತ್ತಿಲ್ಲ. ಈಗ ಅದೇ ಅರ್ಧ ಡಿಗ್ರಿ ಗೊತ್ತಾಗುತ್ತಾ?

ಮೊದಲನೆಯದಕ್ಕೆ ಉತ್ತರ ಹೌದು, ಎರಡನೆಯದಕ್ಕೆ ಇಲ್ಲ. ನಿಮ್ಮ ಪ್ರಾಜೆಕ್ಟ್‌ನಲ್ಲಿ ವರ್ಷಗಟ್ಟಲೆ ಓಡಬೇಕಾದ ಲಾಗರ್ ಏನಾದರೂ ಇದ್ದರೆ, ಹಳೆ ಸೆನ್ಸರ್ ಸಾಯೋ ಮುಂಚೆ ಹೊಸದನ್ನು ಪಕ್ಕದಲ್ಲಿಟ್ಟು ಒಂದು ವಾರವಾದರೂ ಎರಡನ್ನೂ ಒಟ್ಟಿಗೆ ಓಡಿಸಿ. ಸೂರ್ಯನ ವಿಷಯದಲ್ಲಿ ಆ ಓವರ್‌ಲ್ಯಾಪ್ 1989ರಲ್ಲಿ ಸಿಗಲಿಲ್ಲ, ಅದರ ಜಗಳ ಕಾಲು ಶತಮಾನ ನಡೀತು. 2013ರಲ್ಲಿ ಕೆಲವು ದಿನ ಸಿಕ್ಕಿತು, ಆ ಕೊಂಡಿಯ ಬಗ್ಗೆ ಅಂಥ ಜಗಳ ಹುಟ್ಟಲಿಲ್ಲ.